ನಾಮಿನಿ ಅಂದ್ರೆ ಒಡೆಯ ಅಲ್ಲ

ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ತೀರಿಕೊಂಡರೆ ಪಿಎಫ್ ಹಣ ನಾಮಿನಿಯಾದ ಮಗನದ್ದೇ, ಮದುವೆಯಾದ ಮಗಳಿಗೆ ಏನೂ ಇಲ್ಲ ಅನ್ನೋ ಮಾತು ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿದೆ. ಸುಳ್ಳು. ನಾಮಿನಿ ಹಣ ಈಸಿಕೊಳ್ಳುವವ ಅಷ್ಟೇ. 2009ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ವಿಲ್ ಇಲ್ಲದ ಹಿಂದೂ ಕುಟುಂಬದಲ್ಲಿ ತಾಯಿ, ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. (ಕುಟುಂಬ ಪಿಂಚಣಿ ಮಾತ್ರ ಬೇರೆ. ಅದು ಪಾಲಾಗುವ ಆಸ್ತಿಯಲ್ಲ, ನಿಯಮದಂತೆ ಮೊದಲು ಹೆಂಡತಿಗೆ.)

ನಮ್ಮ ತಕರಾರು ಇನ್ನೊಂದಿದೆ. ಮಲಯಾಳ ಓದಲು ಬಾರದ ಅಜ್ಜಿಯಿಂದ ಮಲಯಾಳದ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾ? ಕೇರಳದ 1969ರ ಭಾಷಾ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ವಾರಸುದಾರ ಸರ್ಟಿಫಿಕೇಟಿಗೆ ತಾಲೂಕು ಕಚೇರಿಗೆ ಹೋಗುವ ತಮ್ಮ ತಂಗಿಯರೇ, ಅರ್ಜಿ ಕನ್ನಡದಲ್ಲಿ ಬರೆಯಿರಿ. ಅಜ್ಜಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.