ಹೊಟ್ಟೆ ಇಳಿದ ಮೇಲೆ

ಹತ್ತನೆಯ ತರಗತಿಯಲ್ಲಿ ಹಾರ್ಮೋನುಗಳ ಪಾಠ ನಡೆದಿತ್ತು. ಹುಡುಗಿಯೊಬ್ಬಳು ಎದ್ದು, 'ಸಾರ್, ನಮ್ಮಕ್ಕ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಹೊಟ್ಟೆ ಇಳಿದಿದೆ, ಇನ್ನೇನು ಆಗಿಬಿಡುತ್ತೆ ಅಂತಾರೆ ಅಜ್ಜಿ. ಅದು ನಿಜವಾ?' ಎಂದಳು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಮುಂದೊಂದು ಸರಿರಾತ್ರಿ ಆಟೋ ಹುಡುಕಿಕೊಂಡು ಓಡಬೇಕಾದವರು ಅವರೇ!

ಅಜ್ಜಿಯ ಮಾತು ಸುಳ್ಳಲ್ಲ. ಮಗುವಿನ ತಲೆ ತಾಯಿಯ ಸೊಂಟದ ಎಲುಬುಗೂಡಿನೊಳಕ್ಕೆ ಇಳಿದಾಗ ಎದೆಯ ಕೆಳಗಿನ ಒತ್ತಡ ತಗ್ಗಿ ಉಸಿರಾಟ ಸಲೀಸಾಗುತ್ತದೆ. ಮೂತ್ರಕೋಶದ ಮೇಲೆ ಭಾರ ಬಿದ್ದು ಪದೇ ಪದೇ ಬಚ್ಚಲಿಗೆ ಹೋಗಬೇಕಾಗುತ್ತದೆ. ಆದರೆ ಚೊಚ್ಚಲ ಬಸಿರಿನಲ್ಲಿ ಹೆರಿಗೆಗೆ ಎರಡು ಮೂರು ವಾರ ಮೊದಲೇ ಹೀಗಾಗಬಹುದು. ಡಾಕ್ಟರು ಬರೆದುಕೊಡುವ ದಿನಾಂಕವೂ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದ ಅಂದಾಜು ಅಷ್ಟೆ.

ಹೆಚ್ಚು ಗೊಂದಲ ನೋವಿನದು. ಹೊಟ್ಟೆ ಬಿಗಿದು ಸಡಿಲವಾಗುವ ಸುಳ್ಳು ನೋವನ್ನು 1872ರಲ್ಲೇ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ ವಿವರಿಸಿದ್ದ. ಅದಕ್ಕೆ ಲೆಕ್ಕವಿಲ್ಲ, ಸ್ವಲ್ಪ ಅಡ್ಡಾಡಿದರೆ, ನೀರು ಕುಡಿದು ಮಲಗಿದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ನಿಜವಾದ ನೋವು ಹಾಗಲ್ಲ. ಎಷ್ಟೋ ಸಲ ಬೆನ್ನಿನಲ್ಲಿ ಹುಟ್ಟಿ ಮುಂದಕ್ಕೆ ಬರುತ್ತದೆ, ಮಗ್ಗುಲು ಬದಲಿಸಿದರೂ ಬಿಡುವುದಿಲ್ಲ. ಗಡಿಯಾರ ಹಿಡಿದು ಒಂದು ನೋವಿನ ಆರಂಭದಿಂದ ಮುಂದಿನದರ ಆರಂಭದವರೆಗೆ ಎಣಿಸಿ. ಅಂತರ ಕಿರಿದಾಗುತ್ತಾ ನೋವು ಬಲಿಯುತ್ತಾ ಹೋದರೆ ಹೊರಡುವ ಹೊತ್ತಾಯಿತು.

ಬಲಿಯುವುದೇಕೆ? ಇಲ್ಲಿ ನಮ್ಮ ಹಾರ್ಮೋನು ಬಂತು. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದ ಸುದ್ದಿ ನರಗಳ ಮೂಲಕ ಮಿದುಳಿಗೆ ಮುಟ್ಟುತ್ತದೆ. ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಸುರಿಸುತ್ತದೆ. ಗರ್ಭಕೋಶ ಹಿಂಡುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಆಕ್ಸಿಟೋಸಿನ್. ಸಕ್ಕರೆ ಇಳಿದೊಡನೆ ಇನ್ಸುಲಿನ್ ತಗ್ಗುವ ಹಾಗೆ ಇದು ತಗ್ಗದು. ಮಗು ಹೊರಬರುವವರೆಗೂ ಏರುತ್ತಲೇ ಇರುತ್ತದೆ. ಬರಿಯ ಒಂಬತ್ತು ಅಮೈನೊ ಆಮ್ಲಗಳ ಈ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಷ್ಟೆಲ್ಲ ಪಾಠ ಹೇಳುವ ನಾನೇ ಎಡವಿದ್ದೇನೆ. ಇಪ್ಪತ್ತೈದು ವರ್ಷಗಳ ಹಿಂದೆ, ನಮ್ಮ ಎರಡನೆಯ ಮಗುವಿನ ಸಮಯ. ಸಂಜೆ ನನ್ನ ಹೆಂಡತಿ, 'ಸೀರೆ ಒದ್ದೆಯಾಗುತ್ತಿದೆ, ತಡೆಯಲು ಆಗುತ್ತಿಲ್ಲ' ಎಂದಳು. 'ನೋವೇ ಇಲ್ಲವಲ್ಲ, ಬೆಳಿಗ್ಗೆ ನೋಡೋಣ' ಎಂದೆ. ಪಕ್ಕದ ಮನೆಯ ಅಜ್ಜಿ ಕೇಳಿಸಿಕೊಂಡು ನನ್ನನ್ನು ಚೆನ್ನಾಗಿ ಬೈದು ಜೀಪು ತರಿಸಿದರು. ಆಸ್ಪತ್ರೆಯಲ್ಲಿ ಎರಡನೆಯ ಕಂತಿನ ಬೈಗುಳ. ನೀರಿನ ಚೀಲ ಒಡೆದ ಮೇಲೆ ಸೋಂಕಿಗೆ ಬಾಗಿಲು ತೆರೆದಂತೆ. ಕೆಲವೊಮ್ಮೆ ಹೊಕ್ಕುಳಬಳ್ಳಿಯೇ ಮುಂದೆ ಜಾರಿ ಮಗುವಿನ ಜೀವಕ್ಕೆ ಕುತ್ತಾಗುತ್ತದೆ. ನಮ್ಮ ಪುಣ್ಯ, ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು.

ರಕ್ತದ ಎಳೆ ಬೆರೆತ ಲೋಳೆ ಹೋದರೆ ಗರ್ಭಕೋಶದ ಬಾಯಿ ಸಡಿಲವಾಗುತ್ತಿದೆ ಎಂದರ್ಥ. ಹೆರಿಗೆಗೆ ಇನ್ನೂ ಕೆಲವು ಗಂಟೆಯೋ ಕೆಲವು ದಿನವೋ ಇರಬಹುದು. ಆದರೆ ಮುಟ್ಟಿನಂತೆ ರಕ್ತ ಹೋದರೆ, ನೀರು ಸೋರಿದರೆ, ಅದು ಹಸಿರಾಗಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಅಥವಾ 37 ವಾರ ತುಂಬುವ ಮೊದಲೇ ನೋವು ಬಂದರೆ, ಬೆಳಗಾಗಲೆಂದು ಕಾಯಬೇಡಿ. ಈಗ 108 ಇದೆ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಒಗೆದ ಹಳೆಯ ಹತ್ತಿ ಬಟ್ಟೆ ಒಂದೇ ಚೀಲದಲ್ಲಿರಲಿ. ಚೀಲ ಎಲ್ಲಿದೆಯೆಂಬುದು ಮನೆಯ ಗಂಡಸರಿಗೂ ಗೊತ್ತಿರಲಿ.