ಉಯಿಲು ಸಾಹುಕಾರರ ಸೊತ್ತಲ್ಲ

ಉಯಿಲೆಂದರೆ ಬಂಗಲೆಯವರ ವ್ಯವಹಾರವೆಂದು ನಮ್ಮ ಜನ ತಿಳಿದಿದ್ದಾರೆ. ಇದು ತಪ್ಪು. ಉಡುಪಿ, ಭಟ್ಕಳಗಳಿಂದ ದುಬೈಗೆ ದುಡಿಯಲು ಹೋದ ಮಗನಿಗೂ ಅಲ್ಲಿ ಆಸ್ತಿಯುಂಟು: ಬ್ಯಾಂಕಿನಲ್ಲಿ ಉಳಿದ ಸಂಬಳ, ವರ್ಷಕ್ಕೆ 21 ದಿನಗಳ, ಐದು ವರ್ಷಗಳ ನಂತರ 30 ದಿನಗಳ ಮೂಲವೇತನದಂತೆ ಬೆಳೆಯುವ ಗ್ರಾಚ್ಯುಟಿ. ಅವನು ತೀರಿಕೊಂಡರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಕೋರ್ಟಿನ ಆಜ್ಞೆಯಾಗುವವರೆಗೆ ಊರಿನಲ್ಲಿರುವ ಹೆಂಡತಿಯ ಕೈಗೆ ಒಂದು ಕಾಸೂ ಬಾರದು.

2023ರ ಫೆಬ್ರವರಿಯಿಂದ ಅಲ್ಲಿ ಮುಸ್ಲಿಮೇತರರಿಗೆ ಹೊಸ ಕಾನೂನು ಜಾರಿಗೆ ಬಂದಿದೆ. ಉಯಿಲಿಲ್ಲದಿದ್ದರೆ ಅರ್ಧ ಹೆಂಡತಿಗೆ, ಅರ್ಧ ಮಕ್ಕಳಿಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ಒಳ್ಳೆಯದೇ. ಆದರೆ ಮಗನನ್ನೇ ನಂಬಿದ ಮುದಿ ತಾಯಿಗೆ? ಆ ಹಂಚಿಕೆಯಲ್ಲಿ ಆಕೆಗೆ ಪಾಲಿಲ್ಲ. ಉಯಿಲಿನಲ್ಲಿ ಬರೆದರೆ ಉಂಟು. ಮುಸಲ್ಮಾನ ಬಂಧುಗಳು ವಾರಸುದಾರರಲ್ಲದವರಿಗೆ ಮೂರರಲ್ಲೊಂದು ಪಾಲಿನವರೆಗೆ ಬರೆಯಬಹುದು, ಉಳಿದದ್ದು ಶರಿಯತ್ತಿನಂತೆ.

ಊರಿನ ಮನೆ, ಗದ್ದೆಗೆ ಬೇರೊಂದು ಉಯಿಲಿರುವುದು ಲೇಸು. ಅದಕ್ಕೆ ಸ್ಟಾಂಪು ಕಾಗದ ಬೇಡ. ಬಿಳಿ ಹಾಳೆ, ರುಜು, ಇಬ್ಬರು ಸಾಕ್ಷಿಗಳು ಸಾಕು. ಎಚ್ಚರವಿರಲಿ: ಎರಡನೆಯದರಲ್ಲಿ ‘ಹಿಂದಿನವೆಲ್ಲ ರದ್ದು’ ಎಂದು ಬರೆದರೆ ಮೊದಲನೆಯದೂ ಹೋಯಿತು.

ದುಬೈಯ ಹಣಕಾಸು ಕೇಂದ್ರದಲ್ಲಿ 2015ರಿಂದ ಉಯಿಲಿನ ನೋಂದಣಿ ನಡೆದಿದೆ. ಪೂರ್ಣ ಉಯಿಲಿಗೆ ಶುಲ್ಕ ಸುಮಾರು 10,000 ದಿರಾಮ್! ಸಿಮೆಂಟು ಹೊರುವವನಿಗೆ ಇದು ಹಲವು ತಿಂಗಳ ಕೂಲಿ. ಕಾನೂನಿನ ಬಾಗಿಲು ಹಣವಂತನಿಗೆ ಮಾತ್ರ ತೆರೆಯಬೇಕೆ? ನಮ್ಮ ದೂತಾವಾಸವೇ ಕೂಲಿಗಾರರ ಉಯಿಲನ್ನು ಅವರವರ ಭಾಷೆಯಲ್ಲಿ ಬರೆಸಿಕೊಂಡು, ಅಲ್ಲಿನ ನೋಂದಣಿಯ ವೆಚ್ಚವನ್ನು ಸರ್ಕಾರ ಭರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅವರು ಕಳುಹಿಸುವ ಹಣ ದೇಶಕ್ಕೆ ಬೇಕು. ಅವರ ವಿಧವೆಯರ ಗೋಳು ಬೇಡವೆ?

ಅಲ್ಲಿಯವರೆಗೆ, ರಜೆಗೆ ಬಂದ ಮಗ ವಿಮಾನ ಹತ್ತುವ ಮುನ್ನ ಈ ಮಾತನ್ನೆತ್ತಿರಿ. ಇದು ಅಪಶಕುನವಲ್ಲ, ಬೆವರಿನ ರಕ್ಷಣೆ.