‘ಮೇಲೆ’ ಎಂದರೆ ಯಾರು?

2024ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಲೋಕಸಭಾ ಚುನಾವಣೆಯ ಕಾವು ಏರಿದ್ದ ದಿನಗಳವು. ಬೆಳಗಿನ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದ ನಾವು ಐದಾರು ಮಂದಿ ದೇಶದ ಭವಿಷ್ಯದ ಬಗ್ಗೆ ಗಂಭೀರ ಚರ್ಚೆಯಲ್ಲಿ ತೊಡಗಿದ್ದೆವು. ದೆಹಲಿಯ ಗದ್ದುಗೆ ಯಾರಿಗೆ, ಯಾವ ರಾಜ್ಯದಲ್ಲಿ ಯಾರಿಗೆ ಎಷ್ಟು ಸ್ಥಾನ, ಸಂವಿಧಾನದ ಗತಿಯೇನು ಎಂಬ ಪ್ರಶ್ನೆಗಳಿಗೆಲ್ಲ ನಮ್ಮಲ್ಲಿ ಉತ್ತರವಿತ್ತು. ನಿವೃತ್ತ ಅಧ್ಯಾಪಕನಾದ ನನ್ನ ಧ್ವನಿಯೇ ಉಳಿದವರದಕ್ಕಿಂತ ಎತ್ತರದಲ್ಲಿತ್ತೆಂದು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ನಮ್ಮ ವಾಳೆಯ ಹಿರಿಯ ಮಹಿಳೆಯೊಬ್ಬರು ಬಳಿಗೆ ಬಂದರು. “ಮಾಸ್ಟ್ರೇ, ನಮ್ಮ ಕಡೆಗೆ ನಳ್ಳಿಯಲ್ಲಿ ನೀರು ಬಾರದೆ ಹದಿನೈದು ದಿನವಾಯಿತು. ಪಂಚಾಯತಿಯಲ್ಲಿ ಕೇಳಿದರೆ ಅದು ದೊಡ್ಡ ಯೋಜನೆ, ನಮ್ಮ ಕೈಯಲ್ಲಿಲ್ಲ, ಮೇಲೆ ಕೇಳಿ ಅನ್ನುತ್ತಾರೆ. ಮೇಲೆ ಎಂದರೆ ಯಾರು?” ಎಂದು ಕೇಳಿದರು.

“ತಾಲೂಕು ಪಂಚಾಯತ್ ಸದಸ್ಯರನ್ನು ಕಾಣಿ, ಅವರಿಂದಾಗದಿದ್ದರೆ ಜಿಲ್ಲಾ ಪಂಚಾಯತ್ ಸದಸ್ಯರನ್ನು ಕಾಣಿ” ಎಂದು ನಾನು ಉಪದೇಶಿಸಿದೆ. “ಅವರ ಹೆಸರೇನು?” ಎಂಬುದು ಅವರ ಮರುಪ್ರಶ್ನೆ. ನಮ್ಮಲ್ಲಿ ಒಬ್ಬರಿಗೂ ಹೆಸರು ಹೊಳೆಯಲಿಲ್ಲ. ಮರುದಿನ ವಿಚಾರಿಸಿದಾಗ ತಿಳಿದ ಸಂಗತಿ ಇನ್ನೂ ನಾಚಿಕೆಗೇಡಿನದಾಗಿತ್ತು: ಹೆಸರು ಹೊಳೆಯದಿದ್ದುದು ನಮ್ಮ ಮರೆವಿನಿಂದಲ್ಲ. ಅಂಥ ಸದಸ್ಯರೇ ಇರಲಿಲ್ಲ.

ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದಿತ್ತು. ಅವುಗಳ ಐದು ವರ್ಷಗಳ ಅವಧಿ 2021ರಲ್ಲಿ ಮುಗಿಯಿತು. ಅನಂತರ ನಾಲ್ಕು ವರ್ಷಗಳು ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ಜನಪ್ರತಿನಿಧಿಗಳು ಕುಳಿತುಕೊಳ್ಳಬೇಕಾದ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಕುಳಿತರು. ರಾಜಧಾನಿಯ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳನ್ನಾಗಿ ವಿಂಗಡಿಸುವ ವೇಳೆಗೆ ಆ ಮಹಾನಗರ ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ಐದು ವರ್ಷ ಪೂರೈಸಿತ್ತು.

ಇದು ಕೇವಲ ವಿಳಂಬವೆಂದು ತಳ್ಳಿಹಾಕುವ ಮಾತಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯ ಪ್ರಕಾರ ಪಂಚಾಯತ್‌ಗಳ ಅವಧಿ ಐದು ವರ್ಷ ಮಾತ್ರ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮುಂದೂಡಲಾಗದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು, 2022ರಲ್ಲಿ ಮತ್ತೆ ಹೇಳಿತು. ಕ್ಷೇತ್ರ ಪುನರ್ವಿಂಗಡಣೆ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ, ಇವೆರಡು ಸರ್ಕಾರ ಮುಂದಿಟ್ಟ ಕಾರಣಗಳು. ಈ ಕಾರಣಗಳು ಸುಳ್ಳೆನ್ನಲಾಗದು. ಹಿಂದುಳಿದ ವರ್ಗಗಳಿಗೆ ನ್ಯಾಯವಾದ ಪಾಲು ದೊರೆಯಲೇಬೇಕು. ಆದರೆ ಇವೇ ತೊಡಕುಗಳು ವಿಧಾನಸಭೆಯ ಚುನಾವಣೆಗೆ ಅಡ್ಡಬಂದಿದ್ದರೆ ನಾಲ್ಕು ವರ್ಷ ಕಾಯುವ ಸಹನೆ ಯಾವ ಪಕ್ಷಕ್ಕೆ ಇರುತ್ತಿತ್ತು? 2023ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರವೇ ಬದಲಾಯಿತು. ಆದರೆ ಹಿಂದಿನವರು ಮುಂದೂಡಿದ್ದನ್ನು ಬಂದವರೂ ಮುಂದೂಡಿದರು. ಪರಸ್ಪರ ಕಚ್ಚಾಡುವ ಪಕ್ಷಗಳ ನಡುವೆ ಇದೊಂದರಲ್ಲಿ ಅಪೂರ್ವ ಒಮ್ಮತ ಕಂಡುಬಂತು.

ಈ ಒಮ್ಮತದ ಮೂಲವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಸ್ಥಳೀಯ ಸದಸ್ಯನಿಗೆ ಬಲ ಬಂದಷ್ಟೂ ಶಾಸಕನ ಹಿಡಿತ ಸಡಿಲಗೊಳ್ಳುತ್ತದೆ. ಚರಂಡಿ, ರಸ್ತೆ, ಕೊಳವೆಬಾವಿಗಳಿಗೆ ಹಣ ಹಂಚುವ ಅಧಿಕಾರವೇ ಮತಗಳನ್ನು ತರುವ ಅಧಿಕಾರ. ಅದನ್ನು ತಾವಾಗಿ ಬಿಟ್ಟುಕೊಡುವವರು ಎಲ್ಲ ಪಕ್ಷಗಳಲ್ಲಿಯೂ ವಿರಳ.

ಹಾಗೆ ಬಿಟ್ಟುಕೊಟ್ಟ ಒಂದು ಕಾಲವೂ ನಮ್ಮದೇ ರಾಜ್ಯದಲ್ಲಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾನೂನು ಇಡೀ ದೇಶದ ಗಮನ ಸೆಳೆಯಿತು. 1987ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಜಿಲ್ಲಾ ಪರಿಷತ್ತುಗಳು ಮತ್ತು ಮಂಡಲ ಪಂಚಾಯತಿಗಳು ಅಸ್ತಿತ್ವಕ್ಕೆ ಬಂದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಕರೆಸಿಕೊಂಡ ಆ ಸಚಿವರು, ನೀರನ್ನು ಕೇಳುವ ಹಕ್ಕನ್ನೂ ಹಳ್ಳಿಗೆ ತಲುಪಿಸಬೇಕೆಂದು ಬಯಸಿದ್ದರು. 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲೇ ದಾರಿ ತೋರಿದ ರಾಜ್ಯ ನಮ್ಮದು. ಆ ರಾಜ್ಯವೇ ದಾರಿ ಮರೆತುದನ್ನು ಕಂಡಾಗ ಮನಸ್ಸು ಮುದುಡುತ್ತದೆ.

ಸ್ಥಳೀಯ ಆಡಳಿತವೆಂದರೆ ಊರಿನ ಬಲಿಷ್ಠರ ಆಡಳಿತವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಈ ಸಂದೇಹ ಹಗುರವಾದುದಲ್ಲ. 1948ರ ನವೆಂಬರಿನಲ್ಲಿ ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು ಹಳ್ಳಿಯ ಸಂಕುಚಿತತೆಯನ್ನು ಕಟುವಾಗಿ ಖಂಡಿಸಿದ್ದರು. ಹಳ್ಳಿಯ ಬದಲು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದಕ್ಕೆ ಸಂತೋಷ ವ್ಯಕ್ತಪಡಿಸಿದ್ದರು. ಜಾತಿಯ ಬಿಸಿ ತಟ್ಟಿದವರ ಅನುಭವದ ಮಾತು ಅದು. ಆದರೆ ಮೀಸಲಾತಿ ಇರುವ ಇಂದಿನ ಪಂಚಾಯತಿ ಆ ಹಳೆಯ ಪಂಚಾಯತಿಕಟ್ಟೆಯಲ್ಲ. ಪರಿಶಿಷ್ಟರಿಗೆ ಸ್ಥಾನಗಳಿವೆ, 2010ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳಿವೆ. ಆದುದರಿಂದ ಚುನಾವಣೆ ನಡೆಯದೆ ಹೋದಾಗ ಮೊದಲು ಕುರ್ಚಿ ಕಳೆದುಕೊಳ್ಳುವವರು ಊರಿನ ಧಣಿಗಳಲ್ಲ. ಅವರಿಗೆ ಅಧಿಕಾರಿಯ ಕೊಠಡಿಗೆ ಹೋಗಲು ಯಾವಾಗಲೂ ದಾರಿಯಿದೆ. ದಾರಿ ಮುಚ್ಚುವುದು ಚರ್ಚಿನ ಅಂಗಳದಲ್ಲಿ ನನ್ನನ್ನು ಪ್ರಶ್ನಿಸಿದ ಆ ತಾಯಿಯಂಥವರಿಗೆ.

ಇಷ್ಟು ಬರೆದ ಮೇಲೆ ನನ್ನತ್ತ ನೋಡಿಕೊಳ್ಳದೆ ವಿಧಿಯಿಲ್ಲ. ಪಕ್ಷಗಳನ್ನು ಬಯ್ಯುವುದು ಸುಲಭ. ಆದರೆ ಇಷ್ಟು ವರ್ಷ ಚುನಾವಣೆ ನಡೆಯದಿದ್ದುದು ನನ್ನ ಗಮನಕ್ಕೇ ಬಾರದಿದ್ದುದಕ್ಕೆ ಯಾವ ಪಕ್ಷ ಕಾರಣ? ನಿತ್ಯ ಎರಡು ಪತ್ರಿಕೆ ಓದುವವನು ನಾನು, ರಾತ್ರಿ ಟಿ.ವಿ.ಯ ಚರ್ಚೆಗಳನ್ನು ತಪ್ಪಿಸದವನು. ದೂರದ ರಾಜಕೀಯದಲ್ಲಿ ಆವೇಶವಿದೆ, ಗೆಲುವು ಸೋಲುಗಳ ರೋಚಕತೆಯಿದೆ. ಆದರೆ ಅದು ನನ್ನಿಂದ ಏನನ್ನೂ ಬೇಡುವುದಿಲ್ಲ. ಹತ್ತಿರದ ರಾಜಕೀಯವಾದರೋ ಬೆಳಿಗ್ಗೆ ಎದ್ದು ಸಭೆಗೆ ಹೋಗಬೇಕೆನ್ನುತ್ತದೆ, ನೆರೆಯವನ ಮುಖ ನೋಡಿ ಲೆಕ್ಕ ಕೇಳಬೇಕೆನ್ನುತ್ತದೆ, ಕೆಲವೊಮ್ಮೆ ಅವನ ಮುನಿಸನ್ನೂ ಸಹಿಸಬೇಕೆನ್ನುತ್ತದೆ. ಆದ್ದರಿಂದ ನಾವು ಮೊದಲನೆಯದನ್ನು ಆರಿಸಿಕೊಂಡು ಅದಕ್ಕೆ ದೇಶದ ಚಿಂತೆಯೆಂಬ ಗೌರವದ ಹೆಸರಿಟ್ಟಿದ್ದೇವೆ.

ನಮ್ಮ ಸಮುದಾಯಕ್ಕೆ ಈ ಮಾತು ಅಪರಿಚಿತವಾಗಬೇಕಿಲ್ಲ. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂದು ಜಗದ್ಗುರು ಹನ್ನೊಂದನೆಯ ಪಿಯುಸ್ 1931ರ ವಿಶ್ವಪತ್ರದಲ್ಲಿ ಬೋಧಿಸಿದ್ದರು. ಬೋಧನೆಯ ಮಾತಿರಲಿ, ಅನುಭವವೂ ನಮಗಿದೆ. ಚರ್ಚಿನ ಲೆಕ್ಕಪತ್ರ ಮಂಡಿಸುವ ಸಭೆ ಒಂದು ವರ್ಷ ನಡೆಯದಿದ್ದರೆ, ವಾಳೆಯ ಗುರಿಕಾರರ ಆಯ್ಕೆ ಮುಂದಕ್ಕೆ ಹೋದರೆ ನಾವು ಸುಮ್ಮನಿರುತ್ತೇವೆಯೇ? ಹಬ್ಬದ ಖರ್ಚಿನಲ್ಲಿ ನೂರು ರೂಪಾಯಿ ವ್ಯತ್ಯಾಸ ಬಂದರೂ ಎದ್ದು ನಿಂತು ಕೇಳುವ ನಾವು, ನಮ್ಮದೇ ತೆರಿಗೆಯ ಹಣದ ಲೆಕ್ಕ ಕೇಳುವಲ್ಲಿ ಮಾತ್ರ ಮೌನಿಗಳಾಗುತ್ತೇವೆ.

ಗ್ರಾಮಸಭೆಯೆಂಬುದು ಸಂವಿಧಾನವೇ ಹೆಸರಿಸಿದ ಸಂಸ್ಥೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂಬುದು ನಮ್ಮ ರಾಜ್ಯದ ಕಾನೂನು. ಅದರ ಸದಸ್ಯತ್ವಕ್ಕೆ ಚುನಾವಣೆಯಿಲ್ಲ, ಶುಲ್ಕವಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಜೀವಮಾನವಿಡೀ ಅದರ ಸದಸ್ಯನಾಗಿದ್ದ ನಾನು ಮೊದಲ ಬಾರಿ ಅಲ್ಲಿಗೆ ಹೋದದ್ದು ಆ ಭಾನುವಾರದ ಬಳಿಕ, ಎಪ್ಪತ್ತರ ಹೊಸ್ತಿಲಲ್ಲಿ. ಬಂದವರು ನಲವತ್ತು ಮಂದಿಯೂ ಇರಲಿಲ್ಲ. ಅಂಗಳದಲ್ಲಿ ನನ್ನೊಡನೆ ದೇಶವನ್ನು ಉದ್ಧರಿಸಿದ ಗೆಳೆಯರಲ್ಲಿ ಒಬ್ಬರೂ ಬಂದಿರಲಿಲ್ಲ. ಆ ತಾಯಿ ಮಾತ್ರ ಮುಂದಿನ ಸಾಲಿನಲ್ಲಿದ್ದರು. ಎದ್ದು ನಿಂತು ಅದೇ ಪ್ರಶ್ನೆಯನ್ನು ಕೇಳಿದರು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ದೂರನ್ನು ನಡಾವಳಿಯಲ್ಲಿ ಬರೆದುಕೊಂಡರು.

ಬರೆದುಕೊಂಡ ಮಾತ್ರಕ್ಕೆ ನೀರು ಬರುವುದಿಲ್ಲವೆಂದು ಬಲ್ಲೆ. ಆದರೆ ಮೇಲಿನ ಕುರ್ಚಿ ಖಾಲಿಯಿದ್ದಾಗ ಕೆಳಗಿನ ಸಭೆಯೂ ಖಾಲಿಯಾಗಬಾರದು. ಮುಂದಿನ ಗ್ರಾಮಸಭೆಯ ದಿನಾಂಕ ನಿಮ್ಮ ಪಂಚಾಯತಿ ಕಚೇರಿಯ ಸೂಚನಾ ಫಲಕದಲ್ಲಿರುತ್ತದೆ. ಮನೆಮಂದಿಯೊಡನೆ ಹೋಗಿಬನ್ನಿ, ಈ ವರ್ಷವೇ ಮತದಾರರಾದ ಮಕ್ಕಳನ್ನೂ ಕರೆದೊಯ್ಯಿರಿ.